‘ಬಿಡ್ತು’ ಅಂದಿದ್ದೆನೆ?

ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಬಂದ ನನಗೆ ತುಮಕೂರಿನಲ್ಲಿ ಲಾಟೀನು ಮಾರುವ ಕೆಲಸ ಸಿಗಬಹುದೆಂದು ತಿಳಿದ ದಿನ ಕುಣಿದಾಡಿಬಿಟ್ಟಿದ್ದೆ. ಐವತ್ತರ ದಶಕದ ಕೊನೆ. ಯಾವ ವರ್ಷವೆಂದು ಪ್ರಮಾಣ ಮಾಡಿ ಹೇಳಲಾರೆ. ಈ ಕೆಲಸ ತಪ್ಪಿದರೆ ಕುಣಿಗಲ್‌ನಲ್ಲಿ ಸೋದರಮಾವನ ಕೊಬ್ಬರಿ ಮಂಡಿಯ ಗಾದಿಯ ಮೇಲೆ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ. ಒಂದೇ ಕಡೆ ಕೂರುವುದೆಂದರೆ ನನಗೆ ಜೈಲು. ಇದಾದರೋ ಬಸ್ಸು ಹತ್ತಿ ಗುಬ್ಬಿ, ಹಾಗಲವಾಡಿ, ಯಡಿಯೂರು ಎಂದು ತಿರುಗುವುದು! ಕರೆಂಟು ಬಾರದ ಮನೆಗಳಲ್ಲಿ ಹೊಸ ನಮೂನೆಯ ಲಾಟೀನು ಹಚ್ಚಿ ತೋರಿಸಿ ಆರ್ಡರ್ ಹಿಡಿಯುವುದು!

ಇಂಟರ್‌ವ್ಯೂ ನಡೆದದ್ದು ಅಂಗಡಿಯ ಹಿಂದೆ, ಸಾಹುಕಾರರ ಮನೆಯ ಪಡಸಾಲೆಯಲ್ಲಿ. ಅವರು ನನ್ನ ಸರ್ಟಿಫಿಕೇಟಿನತ್ತ ಕಣ್ಣೂ ಹಾಯಿಸಲಿಲ್ಲ. ಒಂದು ಲಾಟೀನು ಮುಂದಿಟ್ಟು, ಗೋಡೆಗೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ತಮ್ಮ ತಾಯಿಯನ್ನು ತೋರಿಸಿದರು.

“ನಮ್ಮವ್ವ ಗಿರಾಕಿ ಅಂದ್ಕೊಳಿ. ಮಾರಿ, ನೋಡಾಣ.”

ಮೈಯೆಲ್ಲ ಹುರುಪು. ಬತ್ತಿ ಹಚ್ಚಿ ಗಾಜು ಇಳಿಸಿದೆ. “ನೋಡಿ ಅಜ್ಜಿ, ಈ ಬೆಳಕಲ್ಲಿ ಸೂಜಿಗೆ ದಾರ ಪೋಣಿಸ್ಬೋದು. ಗಾಳಿಗೆ ಜಗ್ಗಲ್ಲ. ಬೇಡ ಅಂದಾಗ ಈ ತಿರುಪು ತಿರುಗಿಸಿದ್ರೆ ಸಾಕು, ದೀಪ ಆರೋಗುತ್ತೆ!”

ಸುಣ್ಣ ಸವರುತ್ತಿದ್ದ ಅಜ್ಜಿಯ ಬೆರಳು ನಿಂತಿತು.

“ಬುಡ್ತು ಅನ್ಲಾ! ಹಚ್ಚಿದ್ ಗಳಿಗೇಲೇ ಆರೋ ಮಾತಾಡ್ತೀಯಲ್ಲೋ!”

“ದೀಪ ದೊಡ್ಡದು ಮಾಡೋದು ಅನ್ಬೇಕು, ಸ್ವಾಮಿ,” ಎಂದರು ಸಾಹುಕಾರರು. “ಮನೇಲಿ ಹೇಳ್ಕೊಟ್ಟಿಲ್ವಾ?”

ಹೇಳಿಕೊಟ್ಟಿದ್ದರು. ನಮ್ಮಮ್ಮನೂ ಹಾಗೇ ಅನ್ನುತ್ತಿದ್ದರು. ಆದರೆ ಪದವಿ ಹೊತ್ತು ತಂದವನು ಸುಮ್ಮನಿರುವುದುಂಟೆ?

“ಸಾರ್, ಈ ಕಡೆ ತಿರುಗಿಸಿದ್ರೆ ದೀಪ ನಿಜವಾಗ್ಲೂ ದೊಡ್ಡದಾಗುತ್ತೆ. ಆರಿಸೋದಕ್ಕೂ ದೊಡ್ಡದು ಮಾಡೋದು ಅಂದ್ರೆ, ಗಿರಾಕಿ ಯಾವ ಕಡೆ ತಿರುಗಿಸ್ಬೇಕು?” ಎನ್ನುತ್ತ, ಉತ್ಸಾಹದಲ್ಲಿ ತಿರುಗಿಸಿಯೇ ತೋರಿಸಿದೆ. ಜ್ವಾಲೆ ಭಗ್ಗೆಂದಿತು. ಗಾಜು ಕಪ್ಪಾಗಿ ಚಟ್ಟೆಂದು ಸೀಳಿತು.

“ನೋಡ್ದಾ? ಅಂದಂಗೇ ಆಯ್ತು!”

“ಇಲ್ಲ ಅಜ್ಜಿ, ಕಾವು ಜಾಸ್ತಿಯಾಗಿ ಗಾಜು ಒಡೀತು, ಅಷ್ಟೆ.”

“ಒಡೀತು ಅಂತಾನಲ್ಲಪ್ಪಾ ಮತ್ತೆ! ಇವ್ನ ಬಾಯ್ಗೆ ಬೀಗ ಹಾಕ್ಲಾ, ಮಗಾ! ಇವನ್ನ ಯಾರೂ ಒಳಕ್ ಬುಡಲ್ಲ!”

ಎದ್ದು ಓಡಬೇಕೆನಿಸಿತು, ಇನ್ನೂ ವಾದಿಸಬೇಕೆಂದೂ ಅನಿಸಿತು. ಸಾಹುಕಾರರು ನಗು ತಡೆದುಕೊಂಡು ಒಂದು ಷರತ್ತು ಒಗೆದರು:

“ಗಾಜು ಹಾಳಾಗ್ಲಿ. ಅವ್ವನ ಮುಂದೆ ಒಂದ್ಸಲ ಬಿಡ್ತು ಅಂದ್ಬಿಡಿ, ಕೆಲಸ ನಿಮ್ದು. ಅನ್ನಲ್ಲ ಅಂದ್ರೆ ನಮಸ್ಕಾರ.”

ಎರಡೇ ಅಕ್ಷರ. ಅಂದರೆ ಊರೂರು, ಅನ್ನದಿದ್ದರೆ ಕೊಬ್ಬರಿ ಮಂಡಿ. ಮಾತಿಗೆ ಶಕ್ತಿಯಿಲ್ಲದಿದ್ದರೆ ಅಂದರೂ ನಷ್ಟವಿಲ್ಲ, ಇದ್ದರೆ ಅನ್ನಲೇಬೇಕು ಎಂದು ಆ ಕ್ಷಣದಲ್ಲೇ ತರ್ಕ ಹೂಡಿದೆನೆಂದು ಎಷ್ಟೋ ಜನರ ಮುಂದೆ ಜಂಬ ಕೊಚ್ಚಿಕೊಂಡಿದ್ದೇನೆ. ಈಗ ಅನುಮಾನ. ಇಷ್ಟು ಅಚ್ಚುಕಟ್ಟಾದ ತರ್ಕ ಆಮೇಲೆಯೇ ಹೊಳೆದದ್ದಿರಬೇಕು. ಬಾಯಿಂದ ಹೊರಟದ್ದೇನೆಂದು ನೆನಪಿಲ್ಲ. ಒಮ್ಮೊಮ್ಮೆ ಗಟ್ಟಿಯಾಗಿ ಅಂದೆ ಎನಿಸುತ್ತದೆ. ಒಮ್ಮೊಮ್ಮೆ ಬರೀ ಕೆಮ್ಮಿದೆ ಎನಿಸುತ್ತದೆ.

ಅಜ್ಜಿ ಎಲೆಯಡಿಕೆ ತಟ್ಟೆಯನ್ನು ನನ್ನತ್ತ ತಳ್ಳಿದ್ದು ನೆನಪಿದೆ. “ತಕೋ. ಬಾಯ್ ತುಂಬ ಇದ್ರೆ ಸುಮ್ಕಿರ್ತೀಯ.”

ಮರುವಾರ ಗುಬ್ಬಿ ಬಸ್ಸಿನ ಟಾಪಿನ ಮೇಲೆ ಲಾಟೀನಿನ ಪೆಟ್ಟಿಗೆ, ಕಿಟಕಿಯ ಪಕ್ಕ ನಾನು, ಮುಖಕ್ಕೆ ರಾಚುವ ಗಾಳಿ. ಇದರಲ್ಲಿ ಸಂಶಯವಿಲ್ಲ, ಬಸ್ಸಿನಲ್ಲಿ ನಾನಿದ್ದೆ. ಆದ್ದರಿಂದ ಅಂದಿರಲೇಬೇಕು.