ಸೊಸೆಯ ಲ್ಯಾಬಿನಲ್ಲಿ ನಾನು ಬಂದ್ ಮಾಡಿದ ಸ್ವಿಚ್ಚು

ನಾನು ಸುಶೀಲಾಬಾಯಿ. ಧಾರವಾಡದವಳು, ಎಸ್ಎಸ್ಎಲ್‌ಸಿ ಫಸ್ಟ್ ಕ್ಲಾಸ್. ಗೋವಾದ ಸಾಂಕೋಲೆಗೆ ಬಂದು ಮೂವತ್ತೆರಡು ವರ್ಷವಾಯಿತು. ಇಲ್ಲಿ ಯಾವ ಕನ್ನಡದವರ ಮನೆಯಲ್ಲಿ ಹೋಳಿಗೆ ಮಾಡಿದರೂ ಹೂರಣ ಹದಕ್ಕೆ ಬಂತೋ ಇಲ್ಲವೋ ಎಂದು ಹೇಳುವವಳು ನಾನೇ.

ಕಳೆದ ಶನಿವಾರ ಸೊಸೆ ವಿದ್ಯಾಳನ್ನು ಅವಳ ಲ್ಯಾಬಿನಿಂದಲೇ ಕರೆದುಕೊಂಡು ಪಣಜಿಗೆ ಸೀರೆ ತರಲು ಹೋಗುವುದಿತ್ತು. ಅವಳು ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಅದರಲ್ಲಿ ಏನು ಮಾಡುತ್ತೀ ಎಂದು ಮೂರು ವರ್ಷದಲ್ಲಿ ಅವತ್ತೇ ಮೊದಲು ಕೇಳಿದ್ದು.

"ಝಿರ್ಕೋನಿಯಂ ಫಾಸ್ಫೊನೇಟ್ ರೀ ಅತ್ತಿ. ಚಿರೋಟಿ ಇದ್ದಂಗ, ಪದರ ಪದರ. ಲೋಹದ ಪದರ, ನಡುವ ಇಂಗಾಲದ ಕೊಂಡಿ. ನೀರಾಗಿನ ಸೀಸ ಆ ಸಂದ್ಯಾಗ ಹೋಗಿ ಸಿಕ್ಕೊಂತದ."

ಚಿರೋಟಿ ಎಂದ ಮೇಲೆ ನನಗೆ ಎಲ್ಲ ತಿಳಿದ ಹಾಗೆಯೇ.

ಮೇಜಿನ ಮೇಲಿದ್ದ ಒಂದು ಪಾತ್ರೆ ತೋರಿಸಿದಳು. ದಪ್ಪ ಸ್ಟೀಲು, ಒಳಗೆ ಟೆಫ್ಲಾನ್ ಬಟ್ಟಲು, ತಿರುಗಿಸಿ ಬಿಗಿಯುವ ಮುಚ್ಚಳ. ಸೀಟಿ ಇಲ್ಲದ ಕುಕ್ಕರ್ ಎನ್ನಿ. ಅಂಥದ್ದೇ ಇನ್ನೊಂದು ಬುಧವಾರದಿಂದ ಓವನ್ನಿನಲ್ಲಿ ಬೇಯುತ್ತಿದೆಯಂತೆ.

ಬುಧವಾರದಿಂದ! ಹಳೇ ತೊಗರಿಬೇಳೆಗೂ ಅಷ್ಟು ಬೇಡ...

ಅವಳು ಕೈ ತೊಳೆಯಲು ಹೋದಳು. ಬಾಗಿಲಲ್ಲಿ ನಾನೊಬ್ಬಳೇ. ಗೋಡೆಯ ಮೇಲೆ ಓವನ್ನಿನ ಕೆಂಪು ದೀಪದ ಸ್ವಿಚ್ಚು.

ಒಲೆಯ ಮುಂದೆ ಯಾರೂ ಇಲ್ಲದಿದ್ದರೆ ಆರಿಸಿಯೇ ಹೊಸಿಲು ದಾಟಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಓವನ್ನಿನ ಬಾಗಿಲು ತೆರೆಯಬಾರದು ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದರು. ಓದಿದೆ, ತೆರೆಯಲಿಲ್ಲ. ಸ್ವಿಚ್ ಮಾತ್ರ ಬಂದ್ ಮಾಡಿದೆ.

ಸೋಮವಾರ ಸಂಜೆ ವಿದ್ಯಾ ಮುಖ ಸಣ್ಣದು ಮಾಡಿಕೊಂಡು ಬಂದಳು. ಚಹಾ ಕುಡಿಯುತ್ತ ನನ್ನ ಮಗನಿಗೆ ಹೇಳಿದ್ದು ಕೇಳಿಸಿತು. ಆರು ದಿನ ಕಾಯಬೇಕಿದ್ದ ಪಾತ್ರೆ ಮೂರೇ ದಿನಕ್ಕೆ ತಣ್ಣಗಾಗಿದೆ. ಒಳಗೆ ಪದರವೂ ಇಲ್ಲ, ಹರಳೂ ಇಲ್ಲ, ಬರೀ ಅಂಬಲಿ. ಮದುವೆಯಾದ ಹುಡುಗಿಯರಿಗೆ ಮನೆಯದೇ ಧ್ಯಾನ, ಸ್ವಿಚ್ ಆರಿಸಿ ಮರೆತಿದ್ದೀ ಎಂದು ಅವಳ ಗೈಡ್ ಸರ್ ಬೈದಿದ್ದಾರೆ. ನಾಡಿದ್ದು ಬುಧವಾರ ಅವಳ ಪಿಎಚ್‌ಡಿ ವಿಷಯವನ್ನೇ ಹಾಸ್ಟೆಲಿನಲ್ಲಿರುವ ಇನ್ನೊಬ್ಬನಿಗೆ ಕೊಡುತ್ತಾರಂತೆ. ಮೂರು ವರ್ಷದ ಕೆಲಸ!

ನನ್ನ ಬಾಯಲ್ಲಿದ್ದ ಚೂಡಾ ಅಲ್ಲೇ ನಿಂತಿತು.

ಅಡುಗೆಮನೆಗೆ ಕರೆದು ಕೇಳಿದೆ. "ಬಂದ್ ಮಾಡಿದ್ದು ನಾನಂತ ಗೊತ್ತಿತ್ತೇನು?"

"ಗೊತ್ತಿತ್ರಿ. ರಿಮೋಟ್‌ಲೇ ಟಿವಿ ಆರಿಸಿದ ಮ್ಯಾಲೂ ಪ್ಲಗ್ ಕಿತ್ತಿಡೋರು ಇನ್ಯಾರದಾರ್ರಿ?"

"ಮತ್ತ ಸರ್‌ಗೆ ಯಾಕ ಹೇಳಲಿಲ್ಲ?"

"ನಿಮ್ಮ ಹೆಸರ ಹೆಂಗ ಹೇಳ್ಲಿರಿ ಅತ್ತಿ..."

ಅಷ್ಟು ಹೇಳಿ ಕಪ್ಪು-ಬಸಿ ತೊಳೆಯತೊಡಗಿದಳು.

ನನಗೆ ಸಿಟ್ಟು ಬಂತು. ನಮ್ಮ ಮನೆಯ ಸೊಸೆಗೆ ಮರೆವು ಎಂದು ಯಾರೋ ಹೇಳುವುದೆ? ಅವಳು ಮರೆತದ್ದನ್ನು ನಾನೇ ಒಮ್ಮೆಯೂ ಕಂಡಿಲ್ಲ. ಕಂಡಿದ್ದರೆ ಬಿಡುತ್ತಿದ್ದೆನೆ?

ತಪ್ಪಾಯಿತು ಎಂಬ ಮಾತನ್ನು ನಾನು ನಮ್ಮ ಯಜಮಾನರ ಮುಂದೆಯೂ ಆಡಿದವಳಲ್ಲ.

ಮಂಗಳವಾರ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ವಿದ್ಯಾಳಿಗೂ ಹೇಳದೆ ಲ್ಯಾಬಿನ ಕಡೆಗೆ ಬಸ್ ಹತ್ತಿದೆ. ಸರ್ ಗೋವಾದವರೇ. ನನಗೆ ಬರುವ ಕೊಂಕಣಿಯಲ್ಲಿ, ಅವರ ವಿದ್ಯಾರ್ಥಿಗಳೆಲ್ಲರ ಎದುರಿಗೇ, ಆರಿಸಿದ್ದು ನಾನು, ಸೊಸೆಗೆ ಏನೂ ಗೊತ್ತಿರಲಿಲ್ಲ ಎಂದೆ. ಸೊಸೆಯನ್ನು ಉಳಿಸಲು ಹೇಳುತ್ತಿದ್ದೇನೆ ಎಂದುಕೊಂಡು ಅವರು ನಕ್ಕರು.

ಅವರ ನಗು ನನಗೆ ಸೇರಲಿಲ್ಲ. ಲ್ಯಾಬಿನ ರಿಜಿಸ್ಟರ್ ತರಿಸಿದೆ. ಶನಿವಾರದ ಪುಟದಲ್ಲಿ, ಓವನ್ ಆರಿಸಿದವಳು ನಾನು, ತಪ್ಪು ನನ್ನದು ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ಪೂರ್ತಿ ಹೆಸರು ಹಾಕಿ ಸಹಿ ಮಾಡಿ ಬಂದಿದ್ದೇನೆ.