ಮೂರು ಸುತ್ತು ತಿರುಗಿದ ಹರಿಗೋಲು

ಕರಿಗಡ್ಡೆಯ ಅಂಬಿಗ ಗದ್ದೆಪ್ಪನಿಗೆ ಸಚಿವ ರಾಚನಗೌಡರನ್ನು ಐದು ಸಲ ಹೊಳೆ ದಾಟಿಸಿದ ಕೂಲಿ ಇವತ್ತಿಗೂ ಬಂದಿಲ್ಲ. ಮೊದಲ ನಾಲ್ಕು ಸಲದ್ದನ್ನು ಅವರು ಕೊಡಲಿಲ್ಲ. ಐದನೆಯ ಸಲ ಕೊಡಲು ಬಂದರು, ಇವನು ಮುಟ್ಟಲಿಲ್ಲ.

ಕರಿಗಡ್ಡೆ ಕೃಷ್ಣೆಯ ನಡುವಿನ ಎಂಬತ್ತು ಮನೆಗಳ ನಡುಗಡ್ಡೆ. ರೇಷನ್ನು, ಸಂತೆ, ದವಾಖಾನೆ ಎಲ್ಲವೂ ಆಚೆ ದಂಡೆಯಲ್ಲಿ. ಸ್ಮಶಾನವೂ ಅಲ್ಲೇ, ಯಾಕೆಂದರೆ ಗಡ್ಡೆಯಲ್ಲಿ ಹೂಳಿದ ಹೆಣವನ್ನು ಹೊಳೆ ಎತ್ತಿ ಮನೆಬಾಗಿಲಿಗೆ ತಂದುಬಿಡುತ್ತದೆ. ಹೆಣ ದಾಟಿಸುವಾಗ ಅಂಬಿಗರು ಕೂಲಿ ತೆಗೆದುಕೊಳ್ಳುವುದಿಲ್ಲ. ನಡುಹೊಳೆಯಲ್ಲಿ ಹರಿಗೋಲನ್ನು ಎಡಕ್ಕೆ ಮೂರು ಸುತ್ತು ತಿರುಗಿಸುತ್ತಾರೆ. ಸತ್ತವರಿಗೆ ಗಡ್ಡೆಗೆ ಮರಳುವ ದಾರಿ ಮರೆತುಹೋಗಲಿ ಎಂದು.

ಗೌಡರು ಮೊದಲ ಸಲ ಬಂದದ್ದು ಶಾಸಕರಾದ ವರ್ಷ. ಸೇತುವೆಗೆ ಅಡಿಗಲ್ಲು ಹಾಕಿ, ಕಾಯಿ ಒಡೆದು, ಹರಿಗೋಲಿನಲ್ಲಿ ಕೂತು ಹೇಳಿದ್ದರು: "ಮುಂದಿನ ಸಲ ಕಾರಿನ್ಯಾಗ ಬರ್ತೀನಲೇ ಗದ್ದೆಪ್ಪ. ನಿನ್ನ ಹುಟ್ಟು ಮುರಿದು ಒಲಿಗೆ ಹಾಕು."

ಎರಡನೆಯ ಸಲ ರಾಜ್ಯ ಸಚಿವರಾಗಿ ಬಂದರು. ಮೂರನೆಯ ಸಲ ಬರುವಾಗ ಪಕ್ಷ ಬದಲಾಗಿತ್ತು, ಹೆಗಲ ಮೇಲಿನ ಶಾಲಿನ ಬಣ್ಣವೂ ಬದಲಾಗಿತ್ತು. ನಾಲ್ಕನೆಯ ಸಲ ಯಾವುದೋ ನಿಗಮದ ಅಧ್ಯಕ್ಷರು. ಪ್ರತಿ ಸಲವೂ ಹೊಸ ಕಲ್ಲು, ಹೊಸ ಹುದ್ದೆ, ಅದೇ ಸೇತುವೆ.

"ಒಲಿ ಇನ್ನೂ ಹುಟ್ಟಿಗೆ ಕಾಯ್ಕೊಂತ ಕುಂತೈತ್ರಿ ಗೌಡ್ರ," ಎಂದು ಗದ್ದೆಪ್ಪ ನಾಲ್ಕನೆಯ ಸಲ ಹೇಳಿದ.

"ಭಾಳ ಮಾತು ಕಲ್ತಿ ಮಗನ," ಎಂದು ಗೌಡರು ನಕ್ಕರು.

ಆ ಕಲ್ಲುಗಳು ನಡೆಯುತ್ತವೆ ಎಂದು ಗಡ್ಡೆಯ ಹೆಂಗಸರು ಹೇಳತೊಡಗಿದ್ದು ಆಗಲೇ. ನಾಲ್ಕನ್ನೂ ಗಡ್ಡೆಯ ಅಂಚಿನಲ್ಲೇ ನೆಟ್ಟಿದ್ದರು. ಈಗ ಬೇಸಿಗೆಯಲ್ಲಿ ನೀರಿಳಿದರೆ ಅವು ಹೊಳೆಯೊಳಗೆ ಸಾಲಾಗಿ ತಲೆಯೆತ್ತುತ್ತವೆ. ಎಲ್ಲಕ್ಕಿಂತ ಮುಂದೆ, ಮಡುವಿನ ಅಂಚಿನಲ್ಲಿ, ಶಾಸಕರ ಕಲ್ಲು. ಅದರ ಹಿಂದೆ ರಾಜ್ಯ ಸಚಿವರದು. ಒಂದರ ಹಿಂದೊಂದು ಗಡ್ಡೆ ಬಿಟ್ಟು ಹೊರಟಂತೆ. ಅಳತೆಗೆ ಬಂದಿದ್ದ ಎಂಜಿನಿಯರು, ಸೇತುವೆಗಾಗಿ ವರ್ಷಗಟ್ಟಲೆ ಅರ್ಜಿ ಬರೆಯುತ್ತ ಬಂದ ನನಗೆ ತಣ್ಣಗೆ ಹೇಳಿದ: "ಕಲ್ಲು ಎಲ್ಲಿ ನಡೀತಾವ್ರೀ? ನಿಮ್ಮ ಗಡ್ಡೀನ ಹಿಂದ ಸರಿಲಿಕ್ಕತ್ತೈತಿ." ಮೇಲಿನ ಜಲಾಶಯದ ನೀರು ವರ್ಷವರ್ಷವೂ ಅಂಚು ತಿನ್ನುತ್ತಿತ್ತು. ಕಲ್ಲು ನಡೆಯುವುದೇ ವಾಸಿಯಿತ್ತು.

ನಾಲ್ಕನೆಯ ಕಲ್ಲು ಹಾಕಿದ ಶ್ರಾವಣದಲ್ಲಿ ಗದ್ದೆಪ್ಪನ ಹಿರಿಮಗಳು ಮಾರೆಮ್ಮನಿಗೆ ಹೆರಿಗೆ ನೋವು ಶುರುವಾಯಿತು. ಜಲಾಶಯದ ಬಾಗಿಲು ತೆರೆದಿದ್ದರು. ಎರಡು ದಿನ ಹರಿಗೋಲು ಇಳಿಸಲಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೀರು ಒಂದಾಳು ಇಳಿಯಿತು, ಅವನು ಇಳಿಸಿಯೇಬಿಟ್ಟ. ಹೊರಡುವಾಗ ಹರಿಗೋಲಿನಲ್ಲಿ ಬಸುರಿ ಇದ್ದಳು. ನಡುಹೊಳೆಯಲ್ಲಿ ಉಸಿರು ನಿಂತಿತು, ಕೂಸು ಹೊಟ್ಟೆಯಲ್ಲೇ ಉಳಿಯಿತು. ಬೇರೆ ಅಂಬಿಗರು ಯಾರೂ ಇರಲಿಲ್ಲ. ಮಗಳು ಮನೆಗೆ ಮರಳುವ ದಾರಿಯನ್ನು ಅಪ್ಪನೇ ಮೂರು ಸುತ್ತು ತಿರುಗಿಸಿ ಅಳಿಸಿದ.

ಐದನೆಯ ಕಲ್ಲಿಗೆ ಗೌಡರು ಬಂದದ್ದು ಲೋಕೋಪಯೋಗಿ ಸಚಿವರಾಗಿ, ಚುನಾವಣೆಗೆ ಮುಂಚೆ, ಸುಡುವ ಮಟಮಟ ಮಧ್ಯಾಹ್ನ. ಫೋಟೋಗೆ ಚೆಂದ ಎಂದು ಇಲಾಖೆಯ ದೋಣಿ ಬಿಟ್ಟು ಹರಿಗೋಲಿನಲ್ಲೇ ಬಂದರು. ಮರಳುವಾಗ ಅವರು, ಅವರ ಪಿ.ಎ., ಮನವಿಪತ್ರ ಹಿಡಿದ ನಾನು. ಗಾಳಿ ಇರಲಿಲ್ಲ. ಕಲ್ಲುಗಳ ಪಕ್ಕದಲ್ಲೇ ಹಾದೆವು. ಶಾಸಕರ ಕಲ್ಲಿನ ಪಕ್ಕದ ಬಂಡೆಯ ಮೇಲೆ ಒಂದು ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಕಲ್ಲು ಓರೆಯಾಗಿ ವಾಲಿತ್ತು, ಕೆತ್ತಿದ ಹೆಸರಿನಲ್ಲಿ 'ಗೌಡ' ಮಾತ್ರ ನೀರಿನ ಮೇಲಿತ್ತು.

ಗದ್ದೆಪ್ಪ ಹುಟ್ಟನ್ನು ಒಂದೇ ಕಡೆ ಹಾಕಿದ. ಹರಿಗೋಲು ಎಡಕ್ಕೆ ಒಂದು ಸುತ್ತು ತಿರುಗಿತು.

"ಏನಪಾ, ಸುಳಿ ಸಿಕ್ತೇನು?" ಎಂದು ಪಿ.ಎ. ನಕ್ಕ. ಬೆಂಗಳೂರಿನಿಂದ ಹೊಸದಾಗಿ ಬಂದವನು, ಇಲ್ಲಿಯದು ನಾಲ್ಕು ಮಾತು ಕಲಿತಿದ್ದ.

ಎರಡನೆಯ ಸುತ್ತು. ಗೌಡರ ಎರಡೂ ಕೈ ಹರಿಗೋಲಿನ ಅಂಚು ಹಿಡಿದವು. ಅವರು ಈ ಹೊಳೆಯ ದಂಡೆಯಲ್ಲೇ ಹುಟ್ಟಿದವರು, ಎಡಸುತ್ತಿನ ಅರ್ಥ ಬಲ್ಲವರು. ನಾನು ಗಡ್ಡೆಯ ಕಡೆ ನೋಡಿದೆ. ಜೈಕಾರ ಹಾಕಿ ಕಳಿಸಿದ್ದ ಜನ ಒಬ್ಬರೂ ಬಿಡದೆ ಬೆನ್ನು ತಿರುಗಿಸಿ ನಿಂತಿದ್ದರು, ಹೆಣ ಹೋಗುವಾಗ ನಿಲ್ಲುವ ಹಾಗೆ. ಅವರಿಗೆ ಯಾರು ಹೇಳಿದ್ದರೋ ನನಗೆ ಗೊತ್ತಿಲ್ಲ. ಗದ್ದೆಪ್ಪನೂ ಹೇಳಿರಲಿಲ್ಲ, ಕೇಳಿದ್ದೇನೆ.

"ಗದ್ದೆಪ್ಪ, ಬ್ಯಾಡ. ನನಗೂ ಮಕ್ಳದಾವು," ಎಂದರು ಗೌಡರು.

"ನನಗೂ ಇದ್ಳ್ರಿ."

ಮೂರನೆಯ ಸುತ್ತು. ಆಮೇಲೆ ಗದ್ದೆಪ್ಪ ನೇರ ದಂಡೆಯ ಕಡೆ ಹುಟ್ಟು ಹಾಕಿದ. ದಂಡೆಗೆ ಇಳಿದ ಗೌಡರು ಐದುನೂರರ ಎರಡು ನೋಟು ಚಾಚಿದರು. ಗದ್ದೆಪ್ಪ ಅವರ ಮುಖ ನೋಡದೆ ಹೇಳಿದ: "ಹೆಣದ ಕೂಲಿ ನಾವು ಮುಟ್ಟಂಗಿಲ್ರಿ."

ಗೌಡರು ಗೆದ್ದರು, ಮತ್ತೆ ಅದೇ ಖಾತೆಯ ಸಚಿವರಾದರು. ಆದರೆ ಕರಿಗಡ್ಡೆಗೆ ಬರಲಾಗಲಿಲ್ಲ. ಎರಡು ಸಲ ಹೊರಟಿದ್ದರಂತೆ. ದಂಡೆಗೆ ಬರುವುದು ಒಂದೇ ರಸ್ತೆ. ಎರಡು ಸಲವೂ ಕಾರು ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬಂದು ನಿಂತಿತಂತೆ. ಅವರ ಡ್ರೈವರನೇ ನಮ್ಮ ಹುಡುಗರಿಗೆ ಹೇಳಿ ಕೆಲಸ ಬಿಟ್ಟುಹೋದ. ಸೇತುವೆಯ ಕಡತದಲ್ಲಿ ಅವರದೊಂದು ಸಹಿ ಬಾಕಿ. ಊರ ಹೆಸರು ಕಂಡರೆ ಸಾಕು, ಕಡತ ಮುಚ್ಚಿ ಆಚೆ ತಳ್ಳುತ್ತಾರೆ ಎಂದು ಪಿ.ಎ. ಹೇಳುತ್ತಾನೆ. ಈಗ ಅವನು ನಗುವುದಿಲ್ಲ.

ನಾನು ಗದ್ದೆಪ್ಪನನ್ನು ಬೈದೆ. "ಸತ್ತಾವ ಅಂತ ನೀನ ತೀರ್ಮಾನ ಮಾಡಿಬಿಟ್ಟಿ. ಸತ್ತಾವನ ಕಡಿಂದ ಸೇತುವಿ ಹೆಂಗ ಕೇಳೂಣು? ಮೂವತ್ತು ವರ್ಷದ ಹೋರಾಟ ಮೂರು ಸುತ್ತಿನ್ಯಾಗ ಹೊಳಿಗೆ ಹಾಕಿದಿ."

"ಸಿಟ್ಟಿನ್ಯಾಗ ತಪ್ಪಾತ್ರಿ."

"ಬಲಕ್ಕ ತಿರುಗಿಸಿದ್ರ?"

ಅವನು ಹರಿಗೋಲಿನ ತೂತಿಗೆ ಡಾಂಬರು ಮೆತ್ತುತ್ತ ಹೇಳಿದ: "ಬಲಕ್ಕ ತಿರುಗಿಸಿದ್ರ ಹೋದಾವ್ರು ಬರ್ತಾರಂತ ನಮ್ಮಪ್ಪ ಹೇಳಿದ್ದ. ಆದ್ರ ನೀವು ಕರೆದವ್ರಷ್ಟ ಬರ್ತಾರಂತ ಹೇಳಿಲ್ಲ. ನಮ್ಮ ಮಾರೆವ್ವನೂ ಬಂದು ದಂಡಿ ಮ್ಯಾಲೆ ನಿಂತ್ರ, ಮನಿಗೆ ನಡಿಯವ್ವ ಅನ್ಲೋ, ಬ್ಯಾಡ ಅನ್ಲೋ?"

ಬಲಸುತ್ತಿನ ಮಾತು ಬಿಟ್ಟು ನಾನು ಮತ್ತೊಂದು ಅರ್ಜಿ ಬರೆಯಲು ಕೂತೆ. ಈ ಬೇಸಿಗೆಯಲ್ಲಿ ಐದನೆಯ ಕಲ್ಲೂ ನೀರಿಗಿಳಿದಿದೆ.

ಅವನ ಕಿರಿಮಗಳು ಈರಮ್ಮ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ದಿನ ತುಂಬುವುದು ಶ್ರಾವಣದಲ್ಲಿ. ಒಂಬತ್ತು ವಾರದಲ್ಲಿ ಸೇತುವೆ ಏಳುವುದಿಲ್ಲ, ಅಷ್ಟು ನನಗೂ ಗೊತ್ತು. ಒಂದು ಯಂತ್ರದ ದೋಣಿ, ಗಡ್ಡೆಯಲ್ಲೇ ಉಳಿಯುವ ಒಬ್ಬ ನರ್ಸು, ಕಡತಕ್ಕೆ ಒಂದು ಸಹಿ: ಇಷ್ಟು ಆಗುತ್ತದೆ.

ಗೌಡರಿಗೆ ಗಡ್ಡೆಯ ದಾರಿ ಮರೆತಿದೆ, ಅದಕ್ಕೇ ಬರುವ ಸೋಮವಾರ ಗದ್ದೆಪ್ಪ ಹರಿಗೋಲನ್ನು ತಲೆಯ ಮೇಲೆ ಹೊತ್ತು ಸಚಿವರ ಕಚೇರಿಗೆ ನಡೆಯುತ್ತಾನೆ. ರಾಚನಗೌಡರು ಸತ್ತಿಲ್ಲ, ಸಂಬಳ ತೆಗೆದುಕೊಳ್ಳುತ್ತಿದ್ದಾರೆ. ಅವರಿಗೆ ಓಟು ಹಾಕಿದವರು ನೀವು, ಗಡ್ಡೆಯ ಎಂಬತ್ತು ಮನೆಯವರಷ್ಟೇ ಅಲ್ಲ. ಅಯ್ಯೋ ಪಾಪ ಎಂದು ಪುಟ ತಿರುಗಿಸಬೇಡಿ. ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಗೇಟಿನ ಮುಂದೆ ಬಂದು ಕೂರಿ, ಸಹಿ ಬೀಳುವತನಕ ಏಳಬೇಡಿ. ಬರುತ್ತೀರೋ ಇಲ್ಲವೋ, ಹೇಳಿ.