ಕೆಂಪು ಪೆನ್ಸಿಲಿನ ಅಡಿಯಲ್ಲಿದ್ದ ಹೆಸರು

ಉತ್ತರ ಅಮೆರಿಕದ ಪತ್ರಿಕಾ ಇತಿಹಾಸಕಾರರಲ್ಲಿ ಫಿನ್ನಿಶ್, ಸ್ವೀಡಿಶ್ ಎರಡನ್ನೂ ಮೂಲದಲ್ಲಿಯೇ ಓದಬಲ್ಲವರು ವಿರಳ. ಅವರಲ್ಲಿಯೂ ನಾಲ್ಕು ದಶಕ ಕೆನಡಾದಲ್ಲಿದ್ದು ವಿಜಾಪುರದ ಮಾತನ್ನು ಬಿಡದವರು ನಮ್ಮ ಪ್ರೊ. ರೇವಣಸಿದ್ದಪ್ಪನವರೊಬ್ಬರೇ. ಈ ೨೦೦೮ರಲ್ಲಿ ಅವರು ನಿವೃತ್ತರಾಗುತ್ತಿರುವಾಗ, ಅವರ ವಿದ್ಯಾರ್ಥಿನಿಯೂ ಸಂಶೋಧನಾ ಸಹಾಯಕಿಯೂ ಆಗಿದ್ದ ನನಗೆ ನಾಲ್ಕು ಮಾತು ಬರೆಯುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ.

೧೯೬೮ರಲ್ಲಿ ಉತ್ತರ ಒಂಟಾರಿಯೋದ ಶಾಲೆಯೊಂದಕ್ಕೆ ಪಾಠ ಹೇಳಲು ಬಂದ ಅವರು ಫಿನ್ಲೆಂಡಿನ ಮುದುಕಿಯೊಬ್ಬರ ಮನೆಯಲ್ಲಿ ಬಾಡಿಗೆಗಿದ್ದರು. ಆಕೆಗೆ ಇಂಗ್ಲಿಷ್ ಬಾರದು. ಇವರೇ ಫಿನ್ನಿಶ್ ಕಲಿತರು. ಮುಂದೆ ಟೊರೊಂಟೊದಲ್ಲಿ, ಫಿನ್ಲೆಂಡಿನ ಇನ್ನೊಂದು ಭಾಷೆಯಾದ ಸ್ವೀಡಿಶ್ ಕಲಿತು, ರಷ್ಯದ ಚಕ್ರವರ್ತಿಗಳ ಆಳ್ವಿಕೆಯಲ್ಲಿ ಆ ನಾಡಿನ ಪತ್ರಿಕೆಗಳ ಬಾಯಿಯನ್ನು ಹೇಗೆ ಮುಚ್ಚಿಸಲಾಯಿತು ಎಂಬುದನ್ನೇ ಜೀವನದ ವಿಷಯವಾಗಿಸಿಕೊಂಡರು. ೧೯೯೬ರಲ್ಲಿ ಮೈಸೂರಿನಿಂದ ಬಂದಿಳಿದ ನನಗೆ ವಸತಿ ಸಿಗುವವರೆಗೆ ಮಿಸಿಸಾಗದ ತಮ್ಮ ಬೇಸ್‌ಮೆಂಟನ್ನು ಬಿಟ್ಟುಕೊಟ್ಟರು. ಅವರ ಪತ್ನಿ ಪದ್ಮಾ ಅವರು ದಿನವೂ ರೊಟ್ಟಿ ಬಡಿದು, ನನ್ನನ್ನು ಕೂಡಿಸಿಕೊಂಡು ಉಣ್ಣಿಸಿದ್ದನ್ನು ನಾನು ಮರೆಯಲಾರೆ.

೧೯೯೯ರ ಚಳಿಗಾಲದಲ್ಲಿ ಟೊರೊಂಟೊ ಬಳಿಯ ಅರೋರಾದ ಸಿಗ್ನೆ ಎಕ್‌ಹೋಮ್ ಎಂಬ ಎಂಬತ್ತರ ವೃದ್ಧೆ ಅವರಿಗೆ ಫೋನ್ ಮಾಡಿದರು. ತಮ್ಮ ಅಜ್ಜ ಫಿನ್ಲೆಂಡಿನ ಒಂದು ಸಣ್ಣ ಊರಿನಲ್ಲಿ ರಷ್ಯನ್ ಸರ್ಕಾರದ ಪತ್ರಿಕಾ ಪರಿಶೀಲಕರಾಗಿದ್ದರು, ತಾಯಿ ವಲಸೆ ಬಂದಾಗ ತಂದ ಅವರ ಪೆಟ್ಟಿಗೆ ಬೇಸ್‌ಮೆಂಟಿನಲ್ಲಿದೆ, ಬೇಕಾದರೆ ನೋಡಬಹುದು ಎಂದರು. ಷರತ್ತು ಒಂದೇ: ಸರ್ ಬರೆಯುತ್ತಿದ್ದ ಪುಸ್ತಕದಲ್ಲಿ ಅಜ್ಜನ ಹೆಸರು ಬರಕೂಡದು. ಸರ್ ಮಾತು ಕೊಟ್ಟರು. ನಾವಿಬ್ಬರೂ ಆಕೆಯ ಮನೆಗೆ ಹೋದೆವು.

ಪೆಟ್ಟಿಗೆಯಲ್ಲಿದ್ದವು ಕರಡಚ್ಚಿನ ಹಾಳೆಗಳು. ಪತ್ರಿಕೆ ಅಚ್ಚಾಗುವ ಮೊದಲು ಅದರ ಕರಡು ಪರಿಶೀಲಕನ ಮೇಜಿಗೆ ಹೋಗಬೇಕಿತ್ತು; ಆತ ಕೆಂಪು ಪೆನ್ಸಿಲಿನಲ್ಲಿ ಹೊಡೆದು ಹಾಕಿದ್ದನ್ನು ಬಿಟ್ಟು ಉಳಿದದ್ದು ಮಾತ್ರ ಜನರಿಗೆ ಸಿಗುತ್ತಿತ್ತು. ೧೯೦೨ರ ಹಾಳೆಗಳಲ್ಲಿ, ಹವಾಮಾನದ ಸುದ್ದಿಯ ಕೆಳಗೆ, ಸಣ್ಣ ಅಕ್ಷರದ ಒಂದು ಸಾಲು ಪ್ರತಿ ವಾರವೂ ಇತ್ತು, ಒಮ್ಮೆ ಸ್ವೀಡಿಶ್‌ನಲ್ಲಿ, ಒಮ್ಮೆ ಫಿನ್ನಿಶ್‌ನಲ್ಲಿ: “ಎಡ್ವರ್ಡ್ ಇನ್ನೂ ಮನೆಗೆ ಬಂದಿಲ್ಲ.” ಪ್ರತಿ ವಾರವೂ ಅದರ ಮೇಲೆ ಕೆಂಪು ಗೆರೆ. ಹೊಡೆದು ಹಾಕುತ್ತಾರೆಂದು ಗೊತ್ತಿದ್ದೂ ಅಚ್ಚುಮೊಳೆ ಜೋಡಿಸುವವರು ಅದನ್ನು ಜೋಡಿಸುತ್ತಲೇ ಇದ್ದರು. ಆ ಸಾಲಿಗೆ ಇದ್ದ ಓದುಗ ಪರಿಶೀಲಕನೊಬ್ಬನೇ.

ಇಪ್ಪತ್ಮೂರನೆಯ ವಾರದ ಹಾಳೆ ತೆಗೆದಾಗ ಸರ್ ಅದನ್ನು ದೀಪದ ಕೆಳಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು.

“ಶ್ರೀಜಾ, ಇಲ್ಲಿ ನೋಡವಾ. ಇದು ಅಚ್ಚಿನ ಅಕ್ಷರ ಅಲ್ಲ. ಕೈಲೆ ಬರದಿದ್ದು.”

“ಯಾರು ಬರೆದಿರಬಹುದು ಸರ್? ಪ್ರೆಸ್‌ನವರಾ?”

“ಕೆಳಗ ಸಹಿ ನೋಡು. ಅದೇ ಕೈ.”

ಪ್ರೆಸ್ಸಿನವರು ಹೆದರಿಯೋ ಬೇಸತ್ತೋ ಆ ಸಾಲನ್ನು ನಿಲ್ಲಿಸಿದ್ದರು. ಅಲ್ಲಿಂದಾಚೆಗೆ ಪರಿಶೀಲಕನೇ ಅಂಚಿನಲ್ಲಿ ತನ್ನ ಕೈಯಿಂದ ಅದೇ ಸಾಲನ್ನು ಬರೆದು, ತಾನೇ ಕೆಂಪು ಪೆನ್ಸಿಲಿನಿಂದ ಹೊಡೆದು, ಕೆಳಗೆ ಸಹಿ ಹಾಕಿದ್ದ. ಹಾಗೆ ಮೂರು ವರ್ಷ. ಕೊನೆಯ ಹಾಳೆಗಳಲ್ಲಿ ಗೆರೆ ಒತ್ತಿ ಒತ್ತಿ ಕಾಗದ ಹರಿದಿತ್ತು. ಆ ತಣ್ಣನೆಯ ಬೇಸ್‌ಮೆಂಟಿನಲ್ಲಿ, ನಮ್ಮ ಬೆನ್ನ ಹಿಂದೆ ಯಾರೋ ನಿಂತು ಓದುತ್ತಿದ್ದಾರೆಂದು ನನಗನ್ನಿಸಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಸರ್ ಕೂಡ ತಿರುಗಲಿಲ್ಲ.

ಮರುವರ್ಷ ಆ ಊರಿನ ಚರ್ಚಿನ ದಾಖಲೆಯ ಪ್ರತಿ ಬಂತು. ನಿಷಿದ್ಧ ಕರಪತ್ರ ಅಚ್ಚು ಹಾಕಿದ್ದಕ್ಕೆ ಬಂಧಿತನಾಗಿ, ರಷ್ಯಕ್ಕೆ ಒಯ್ಯಲ್ಪಟ್ಟು ಕಾಣೆಯಾದ ಎಡ್ವರ್ಡ್ ಎಂಬ ಅಚ್ಚುಮೊಳೆಗಾರ ಪರಿಶೀಲಕನ ಸ್ವಂತ ಮಗ.

೨೦೦೨ರಲ್ಲಿ ಪುಸ್ತಕದ ಕರಡು ಬಂದಾಗ ಕೊಟ್ಟ ಮಾತು ಅಡ್ಡ ನಿಂತಿತು. ತಂದೆಯ ಹೆಸರಿಲ್ಲದೆ ಮಗನ ಕಥೆಯಿಲ್ಲ. ಪ್ರಕಾಶಕರು ಅವಸರಪಡಿಸುತ್ತಿದ್ದರು. ಒಂದು ಮಧ್ಯಾಹ್ನ ನಾನು ಸರ್ ಅವರ ಕಚೇರಿಗೆ ಹೋದಾಗ ಅವರು ತಮ್ಮದೇ ಅಧ್ಯಾಯದ ಮೇಲೆ ಕೆಂಪು ಪೆನ್ಸಿಲಿನಿಂದ ಆ ಹೆಸರನ್ನು ಹೊಡೆಯುತ್ತ ಕುಳಿತಿದ್ದರು. ಮೂರನೆಯ ಪುಟದಲ್ಲಿ ಕಾಗದ ಹರಿದಿತ್ತು. ಅವರು ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟು ತಮ್ಮ ಬಲಗೈಯನ್ನು ನೋಡಿಕೊಂಡರು.

“ಈ ಕೈ ನಂದಲ್ಲ ಅನಸ್ತದವಾ,” ಎಂದರು. “ನಡಿ, ಅರೋರಾಕ್ಕ ಹೋಗೂಣು.”

ಸಿಗ್ನೆಯವರಿಗೆ ಸರ್ ಎಲ್ಲವನ್ನೂ ಹೇಳಿದರು. “ನೀವು ಬೇಡವೆಂದರೆ ಪುಸ್ತಕವನ್ನೇ ಹಿಂದಕ್ಕೆ ಪಡೆಯುತ್ತೇನೆ. ಆದರೆ ನಾನು ಹೊಡೆದು ಹಾಕಲಾರೆ,” ಎಂದರು. ಹನ್ನೆರಡು ವರ್ಷದ ದುಡಿಮೆ ಆ ಮಾತಿನ ಮೇಲೆ ನಿಂತಿತ್ತು. ಆಕೆ ಅಜ್ಜನ ಹರಿದ ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಸಾಲನ್ನು ಸ್ವೀಡಿಶ್‌ನಲ್ಲಿ ಗಟ್ಟಿಯಾಗಿ ಓದಿದರು. ಬಳಿಕ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: “ನಮ್ಮಮ್ಮ ಸಾಯುವವರೆಗೆ ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದಳು. ಯಾರಿಗೆ ಎಂದು ಕೇಳಿದರೆ ಸುಮ್ಮನೆ ಉಣ್ಣು ಅನ್ನುತ್ತಿದ್ದಳು. ನಾನು ಆ ಖಾಲಿ ಕುರ್ಚಿಗೆ ಹೆದರಿಕೊಂಡೇ ಬೆಳೆದೆ. ಅದು ನನ್ನ ಸೋದರಮಾವನದು ಎಂದು ಎಂಬತ್ಮೂರನೆಯ ವಯಸ್ಸಿನಲ್ಲಿ ನಿಮ್ಮಿಂದ ತಿಳಿಯಬೇಕಾಯಿತು.” ತುಸು ತಡೆದು, “ಹೆಸರು ಹಾಕಿ. ಇಬ್ಬರದೂ,” ಎಂದರು.

ಪುಸ್ತಕ ೨೦೦೩ರಲ್ಲಿ ಹೊರಬಂತು. ಒಳಪುಟದಲ್ಲಿ ತಮ್ಮ ಹೆಸರಿನ ಜೊತೆಗೆ ನನ್ನ ಹೆಸರನ್ನೂ ಸರ್ ನನಗೆ ಹೇಳದೆಯೇ ಹಾಕಿಸಿದ್ದರು. ಸಿಗ್ನೆಯವರು ಪುಸ್ತಕವನ್ನು ಎರಡು ಬಾರಿ ಓದಿ, ಮರುವರ್ಷ ತೀರಿಕೊಂಡರು.

ಈಗ ಸರ್, ಆ ಕಾಲದ ಕರಡುಗಳಲ್ಲಿ ಹೊಡೆದು ಹಾಕಲ್ಪಟ್ಟ ಎಲ್ಲ ಹೆಸರುಗಳ ಪಟ್ಟಿಯೊಂದನ್ನು ಮಾಡುತ್ತಿದ್ದಾರೆ. ಮುನ್ನೂರು ದಾಟಿದೆ, ಇನ್ನೂ ಎಷ್ಟಿವೆಯೋ ಯಾರಿಗೂ ಗೊತ್ತಿಲ್ಲ. ಆ ಕೆಲಸ ಕೇಳುವಷ್ಟು ವರ್ಷಗಳನ್ನೂ, ಓದುವ ಕಣ್ಣಿಗೆ ಬೆಳಕನ್ನೂ, ಪಕ್ಕದಲ್ಲಿ ಪದ್ಮಾ ಅವರ ಒಡನಾಟವನ್ನೂ ಕಾಲ ಅವರಿಗೆ ಕರುಣಿಸಲಿ ಎಂದು ಶಿಷ್ಯರೆಲ್ಲರ ಪರವಾಗಿ ಹಾರೈಸುತ್ತೇನೆ. ಹೋದ ತಿಂಗಳು ನಾನು ಮಿಸಿಸಾಗಕ್ಕೆ ಹೋದಾಗ ಅವರು ಒಬ್ಬರೇ ಕುಳಿತು ಆ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದೊಂದು ಹೆಸರಾದ ಮೇಲೂ ತುಸು ನಿಲ್ಲುತ್ತಿದ್ದರು.

“ಯಾಕೆ ಸರ್, ಮಧ್ಯೆ ಮಧ್ಯೆ ಸ್ಟಾಪ್ ಮಾಡ್ತೀರಿ?” ಎಂದು ಕೇಳಿದೆ.

“ಅವ್ರು ಓ ಅಂದ್ರ ಕೇಳಸಬೇಕಲ್ಲವಾ,” ಎಂದು ಮುಂದಿನ ಹೆಸರನ್ನು ಕರೆದರು.